ಟೆನಿಸ್‌ಗೆ ಹೊಸಬರಾದವರಿಗೆ ಫೋರ್‌ಹ್ಯಾಂಡ್ ಹೊಡೆತವನ್ನು ಹೇಗೆ ಕಲಿಸಬೇಕು?

ಫೋರ್‌ಹ್ಯಾಂಡ್‌ನಲ್ಲಿ, ಅಂದರೆ ರಾಕೆಟ್ ಹಿಡಿದ ಕೈಯ ಕಡೆಗೆ ಬಂದ ಚೆಂಡನ್ನು ಅಂಗೈ ಮುಂದಾಗಿಸಿ ಹೊಡೆಯುವುದರಲ್ಲಿ, ಮೊದಲು ಕಲಿಸಬೇಕಾದದ್ದು ಚೆಂಡು ರಾಕೆಟ್‌ಗೆ ತಾಗಬೇಕಾದ ಜಾಗವನ್ನೇ ಹೊರತು ಬೀಸಿನ ವೇಗವನ್ನಲ್ಲ. ಹೊಸಬರ ತಪ್ಪುಗಳಲ್ಲಿ ಹೆಚ್ಚಿನವು ಚೆಂಡು ದೇಹವನ್ನು ದಾಟುವಾಗ ತಡವಾಗಿ ಹೊಡೆಯುವುದರಿಂದ ಹುಟ್ಟುತ್ತವೆ; ಆದ್ದರಿಂದ ಚೆಂಡು ತಮ್ಮ ಕಡೆಯ ಅಂಕಣದಲ್ಲಿ ಪುಟಿಯುವ ಮೊದಲೇ ಭುಜಗಳನ್ನು ತಿರುಗಿಸಿ, ರಾಕೆಟನ್ನು ಹಿಂದಕ್ಕೆ ಒಯ್ದು, ಸುಮಾರು ಸೊಂಟದ ಎತ್ತರದಲ್ಲಿ, ಮುಂದಿನ ಪಾದಕ್ಕಿಂತ ತುಸು ಮುಂದೆ ಚೆಂಡನ್ನು ಸಂಧಿಸುವ ಅಭ್ಯಾಸ ಮಾಡಿಸಬೇಕು. ಹಿಡಿತದ ಬಗ್ಗೆ ದೀರ್ಘ ವಿವರಣೆ ಬೇಡ: ರಾಕೆಟ್‌ನ ಹಿಡಿಗೆ ಕೈ ಕುಲುಕುವಂತೆ ಹಿಡಿದರೆ ಬಹುಮಟ್ಟಿಗೆ ಈಸ್ಟರ್ನ್ ಎಂಬ, ಹೊಸಬರಿಗೆ ಒಗ್ಗುವ ಹಿಡಿತವೇ ಬರುತ್ತದೆ. ಬೀಸು ಕೆಳಗಿನಿಂದ ಮೇಲಕ್ಕೆ ಸಾಗಿ ಇನ್ನೊಂದು ಭುಜದ ಬಳಿ ಮುಗಿಯಲಿ. ಬಲೆಯು ಅತಿ ತಗ್ಗಾಗಿರುವ ನಡುಭಾಗದಲ್ಲೇ 91.4 ಸೆಂ.ಮೀ. ಎತ್ತರವಿರುವುದರಿಂದ, ತಗ್ಗಿನಲ್ಲಿ ಬಂದ ಚೆಂಡನ್ನು ನೆಲಕ್ಕೆ ಸಮಾನಾಂತರವಾಗಿ ಹೊಡೆದರೆ ಅದು ಬಲೆಗೆ ಬಡಿಯುತ್ತದೆ.

ನಾನಾದರೆ ಸಾಮಾನ್ಯ ಹಳದಿ ಚೆಂಡಿನಿಂದ ಆರಂಭಿಸುವುದಿಲ್ಲ. ಕಲಿಯುವವರಿಗೆಂದೇ ನಿಧಾನವಾದ ಬಣ್ಣದ ಚೆಂಡುಗಳಿವೆ: ಹಳದಿಗಿಂತ ಕೆಂಪು ಚೆಂಡು ಸುಮಾರು ಶೇ 75ರಷ್ಟು, ಕಿತ್ತಳೆ ಶೇ 50ರಷ್ಟು, ಹಸಿರು ಶೇ 25ರಷ್ಟು ನಿಧಾನ. ಇವು ಮಕ್ಕಳ ಚೆಂಡುಗಳೆಂದು ವಯಸ್ಕರು ಮೂಗು ಮುರಿಯುವುದುಂಟು. ಆದರೆ ಭುಜ ತಿರುಗಿಸಲು ಬೇಕಾದ ಬಿಡುವು ಅವರಿಗೂ ಸಿಗುವುದು ಇವುಗಳಿಂದಲೇ. ಆರಂಭದಲ್ಲಿ ಶಿಕ್ಷಕರು ಚೆಂಡನ್ನು ರಾಕೆಟ್‌ನಿಂದ ಹೊಡೆಯದೆ ಕೈಯಿಂದಲೇ ಮೆಲ್ಲನೆ ಎಸೆದುಕೊಡುವುದು ಒಳ್ಳೆಯದು.