ಈ ಕೈ ಯಾರದ್ದು?

ಮೂಡಿಗೆರೆಯ ಓದುಗರೊಬ್ಬರು ಬರೆದಿದ್ದಾರೆ: 'ಸ್ಟ್ರೋಕ್ ಆಗಿ ಅಪ್ಪಯ್ಯನ ಎಡಗೈ ಸ್ವಾಧೀನ ತಪ್ಪಿದೆ. "ಇದು ನನ್ನ ಕೈಯಲ್ಲ, ಯಾರದ್ದೋ ತಂದು ಹಾಸಿಗೆ ಮೇಲಿಟ್ಟಿದ್ದೀರಿ" ಅಂತ ರೇಗುತ್ತಾರೆ. ಮಿಕ್ಕ ಮಾತೆಲ್ಲ ಸರಿಯಾಗಿಯೇ ಇದೆ. ನೆಂಟರು ಗಾಳಿ ಸೋಕಿದೆ, ಯಂತ್ರ ಕಟ್ಟಿಸು ಅಂತಾರೆ. ಏನು ಮಾಡಲಿ?'

ನಿಮ್ಮ ಪತ್ರ ಓದಿ ತುಂಬ ಹೊತ್ತು ಸುಮ್ನೆ ಕೂತಿದ್ದೆ. ನಿಮ್ಮ ಅಪ್ಪಯ್ಯ ಸುಳ್ಳು ಹೇಳುತ್ತಿಲ್ಲ, ಹಟವನ್ನೂ ಮಾಡುತ್ತಿಲ್ಲ. ಗಾಳಿಯಂತೂ ಅಲ್ಲವೇ ಅಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಹೀಗಾಗುತ್ತದೆ. ಆ ಭಾಗ ಮೈಯ ಎಡಗಡೆಯನ್ನು ನೋಡಿಕೊಳ್ಳುವುದರಿಂದ ಎಡಗೈಯೇ ಜಾಸ್ತಿ ಪರಕೀಯವಾಗುತ್ತದೆ. ವೈದ್ಯರು ಇದಕ್ಕೆ ಸೊಮಾಟೊಪ್ಯಾರಾಫ್ರೀನಿಯಾ ಎನ್ನುತ್ತಾರೆ.

ನನ್ನ ಕೈ ನನ್ನದು ಅನ್ನುವುದರಲ್ಲಿ ಅನುಮಾನವೇನು ಅನಿಸುತ್ತದೆ, ಅಲ್ವಾ? ಆದರೆ ಕಣ್ಣಿಗೆ ಕಂಡದ್ದು, ಚರ್ಮಕ್ಕೆ ತಾಗಿದ್ದು, ಕೀಲುಗಳು ತಿಳಿಸಿದ್ದು ಎಲ್ಲವನ್ನೂ ಮಿದುಳು ಗಳಿಗೆಗಳಿಗೆಗೂ ತಾಳೆ ಹಾಕುತ್ತಿರುತ್ತದೆ. 1998ರಲ್ಲಿ ಬಾಟ್ವಿನಿಕ್ ಮತ್ತು ಕೊಹೆನ್ ಎಂಬ ವಿಜ್ಞಾನಿಗಳು ಇದನ್ನು ರಬ್ಬರ್ ಕೈಯಿಂದ ತೋರಿಸಿದರು. ಹಾಸನದ ನಮ್ಮ ಮನೆಯಲ್ಲೂ ಮಾಡಿ ನೋಡಿದೆವು. ತೋಟಕ್ಕೆ ಔಷಧಿ ಹೊಡೆಯುವಾಗ ಹಾಕುವ ಗ್ಲೌಸಿಗೆ ಹತ್ತಿ ತುಂಬಿ ಮೇಜಿನ ಮೇಲಿಟ್ಟೆ. ನನ್ನ ಕೈ ಪುಸ್ತಕದ ಮರೆಯಲ್ಲಿತ್ತು. ಮಗಳು ಎರಡು ಬ್ರಷ್ ಹಿಡಿದು ಗ್ಲೌಸನ್ನೂ ನನ್ನ ಕೈಯನ್ನೂ ಒಟ್ಟೊಟ್ಟಿಗೆ, ಅದೇ ಬೆರಳು, ಅದೇ ಜಾಗದಲ್ಲಿ ಸವರಿದಳು. ಎರಡು ನಿಮಿಷವೂ ಆಗಿರಲಿಲ್ಲ, ಬ್ರಷ್ ತಾಗುತ್ತಿರುವುದು ಗ್ಲೌಸಿಗೇ ಅನಿಸತೊಡಗಿತು. ಅವಳು ಸೌಟು ಎತ್ತಿ ಗ್ಲೌಸಿಗೆ ಬಡಿಯಲು ಬಂದಾಗ ನಾನು ಸರಕ್ಕನೆ ಕೈ ಎಳೆದುಕೊಂಡೆ! ಒಂದನ್ನು ಮೊದಲು, ಇನ್ನೊಂದನ್ನು ಆಮೇಲೆ ಸವರಿದರೆ ಮಾತ್ರ ಏನೂ ಅನಿಸಲಿಲ್ಲ.

ಪೆಟ್ಟಾಗದ ಮಿದುಳೇ ಹತ್ತಿ ತುಂಬಿದ ಗ್ಲೌಸನ್ನು ತನ್ನದು ಅಂದುಕೊಳ್ಳುತ್ತದೆ. ನಿಮ್ಮ ಅಪ್ಪಯ್ಯನಿಗೆ ಆ ತಾಳೆ ಹಾಕುವ ಕೆಲಸವೇ ಕೆಟ್ಟಿದೆ. 'ನಿಮ್ಮದೇ ಕೈ, ನೋಡಿ' ಅಂತ ನೂರು ಸಲ ಹೇಳಿದರೂ ಅವರಿಗೆ ಹಾಗೆ ಅನಿಸುವುದಿಲ್ಲ. ದಯವಿಟ್ಟು ವಾದ ಮಾಡಬೇಡಿ.

ಅವರಾಡುವ ಮಾತನ್ನು ನರರೋಗ ವೈದ್ಯರಿಗೆ ಇದ್ದ ಹಾಗೇ ಹೇಳಿ. ಹಲವರಲ್ಲಿ ಇದು ಕೆಲವು ದಿನ, ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಕನ್ನಡಿಯಲ್ಲಿ ಕಂಡಾಗ ಅದೇ ಕೈಯನ್ನು 'ನನ್ನದು' ಎಂದು ಒಪ್ಪಿಕೊಂಡ ರೋಗಿಗಳೂ ಇದ್ದಾರೆ. ಕನ್ನಡಿ ತೆಗೆದರೆ ಮತ್ತೆ ಬೇರೆಯವರದ್ದು. ನಿಮ್ಮ ಫಿಸಿಯೋಥೆರಪಿಸ್ಟ್ ಹತ್ತಿರ ಈ ಬಗ್ಗೆ ಕೇಳಿ ನೋಡಿ.

ಅಲ್ಲಿಯವರೆಗೆ ಆ ಕೈಯ ಕಾವಲು ನಿಮ್ಮದು. ಅದು ಮೈ ಕೆಳಗೆ ಸಿಕ್ಕಿಕೊಂಡರೂ ಅವರಿಗೆ ಗೊತ್ತಾಗದೆ ಹೋಗಬಹುದು. ದಿಂಬಿನ ಮೇಲಿಡಿ. ಬಿಸಿ ಕಾಫಿ ಲೋಟ ಆ ಕಡೆ ಬೇಡ. ನೆಂಟರು ಬಂದಾಗ ಈ ಪುಟವನ್ನು ಅವರಿಗೂ ಓದಿ ಹೇಳಿ.