ಪ್ರತಿಕ್ರಿಯೆ: ಲ್ಯಾಪ್‌ಟಾಪ್ ಬ್ಯಾಗಿನ ಸ್ಲೋಗನ್ ಚಿಕ್ಕದು ಮಾಡೋದು ಹೇಗೆ?

‘ಹಗುರ, ಗಟ್ಟಿ, ನೀರು ಒಳಗಿಳಿಯದ, ಎಲ್ಲರ ಮೆಚ್ಚಿನ ಲ್ಯಾಪ್‌ಟಾಪ್ ಬ್ಯಾಗ್’ ಅನ್ನೋ ನಿಮ್ಮ ಸಾಲು ಯಾರಿಗೂ ನೆನಪಿರದಿರಲು ಮುಖ್ಯ ಕಾರಣ ಉದ್ದ ಅಲ್ಲ. ಒಂದೇ ಉಸಿರಿನಲ್ಲಿ ನಾಲ್ಕು ಮಾತು ಹೇಳುತ್ತಿದ್ದೀರಿ. ಸುಮ್ನೆ ಪದ ಕತ್ತರಿಸಿದರೆ ಇದು ಸರಿಹೋಗಲ್ಲ.

ಮೊದಲು ನಾಲ್ಕನ್ನೂ ಬೇರೆ ಬೇರೆ ಬರೆಯಿರಿ. ಬೇರೆ ಯಾವ ಬ್ಯಾಗಿನವರೂ ಹೇಳಬಹುದಾದ ಮಾತನ್ನು ಹೊಡೆದುಹಾಕಿ. ನನ್ನ ಪ್ರಕಾರ ನೀರಿನ ಮಾತೊಂದೇ ಉಳಿಯುತ್ತೆ. ಆದರೆ ಕೊಳ್ಳುವವರು ಯಾರು ಅಂತ ನೀವು ಬರೆದಿಲ್ಲ. ದಿನವಿಡೀ ಹೆಗಲಿಗೆ ಹಾಕಿಕೊಂಡು ತಿರುಗುವವರಾದರೆ ‘ಹಗುರ’ವೇ ಗೆಲ್ಲಬಹುದು, ಅವರನ್ನೇ ಕೇಳಿ.

ಆಮೇಲೆ ಬ್ಯಾಗಿನ ಗುಣ ಬಿಟ್ಟು, ಅದರಿಂದ ಕೊಂಡವರಿಗೆ ಏನಾಗುತ್ತೆ ಅಂತ ಬರೆಯಿರಿ. 2001ರಲ್ಲಿ ಐಪಾಡ್ ತಂದಾಗ ಆಪಲ್ 5 ಜಿಬಿ ಅನ್ನೋದನ್ನು ಮುಂದಿಡಲಿಲ್ಲ, ಜೇಬಿನಲ್ಲಿ ಸಾವಿರ ಹಾಡು ಅಂದಿತು. ನಿಮ್ಮದು ಹೀಗಾಗುತ್ತೆ: ‘ಮಳೆಯಲ್ಲಿ ನೀವು ನೆನೆದರೂ ಬ್ಯಾಗಿನೊಳಗಿನ ಲ್ಯಾಪ್‌ಟಾಪ್ ನೆನೆಯುವುದಿಲ್ಲ.’

ಕತ್ತರಿ ಹಾಕೋದು ಈಗ. ಬ್ಯಾಗಿನ ಚಿತ್ರ ಪಕ್ಕದಲ್ಲೇ ಇರುತ್ತೆ ಅಲ್ವಾ, ‘ಬ್ಯಾಗಿನೊಳಗಿನ’ ಬೇಡ. ನೆನೆಯೋದು ಅಂದಮೇಲೆ ‘ಮಳೆಯಲ್ಲಿ’ ಕೂಡ ಬೇಡ. ಉಳಿದದ್ದು: ‘ನೀವು ನೆನೆದರೂ ಲ್ಯಾಪ್‌ಟಾಪ್ ನೆನೆಯದು.’ ‘ನೆನೆ’ ಎರಡು ಸಲ ಬರೋದರಿಂದ ನಾಲಿಗೆಗೂ ಸಲೀಸು, ಅದನ್ನು ಮಾತ್ರ ತೆಗೆಯಬೇಡಿ.

ಅಚ್ಚು ಹಾಕಿಸುವ ಮುಂಚೆ ಜಿಪ್ಪಿನ ಮೇಲೆ ನೀರು ಸುರಿದು ನೋಡಿ, ಜಾಸ್ತಿ ಸೋರುವುದು ಅಲ್ಲೇ. ಸೋರದಿದ್ದರೆ ಸಾಲನ್ನು ಯಾರಿಗಾದರೂ ಒಮ್ಮೆ ಫೋನಿನಲ್ಲಿ ಹೇಳಿ, ಮರುದಿನ ಕೇಳಿ. ಅವರು ಇನ್ನೂ ಚಿಕ್ಕದಾಗಿ ಹೇಳಿದರೆ ಅದನ್ನೇ ಇಟ್ಟುಕೊಳ್ಳಿ.