ಏಳು ದಿನದ ಪಲ್ಯದ ಪಟ್ಟಿ ನಮ್ಮ ಗೋಡೆಯ ಮೇಲೂ ಇತ್ತು

ಸೋಮವಾರ ಹುರುಳಿಕಾಯಿ, ಮಂಗಳವಾರ ಎಲೆಕೋಸು, ಬುಧವಾರ ಆಲೂಗೆಡ್ಡೆ, ಗುರುವಾರ ಬೀಟ್‌ರೂಟ್, ಶುಕ್ರವಾರ ಕ್ಯಾರೆಟ್ ಕೋಸಂಬರಿ, ಶನಿವಾರ ಬೆಂಡೆಕಾಯಿ, ಭಾನುವಾರ ಅವರೆಕಾಳು. ವಾರದ ಏಳು ದಿನಕ್ಕೂ ಒಂದೊಂದು ಪಲ್ಯದ ಪಟ್ಟಿ ಕೊಡಿ ಎಂದು ಬರೆದಿದ್ದೀರಿ. ನೀವು ಕೇಳುತ್ತಿರುವುದು ಇಂಥದ್ದನ್ನೇ ಅಲ್ಲವೇ? ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಭಾನುವಾರವೇ ತರಕಾರಿ ಹೆಚ್ಚಿ ಫ್ರಿಜ್‌ನಲ್ಲಿಟ್ಟರೆ ವಾರವಿಡೀ ಸಾರಿನ ಜೊತೆಗೊಂದು ಪಲ್ಯ ಸಲೀಸಾಗಬೇಕು, ಮಕ್ಕಳು ಅದನ್ನು ತಟ್ಟೆಯಂಚಿಗೆ ತಳ್ಳದೆ ತಿನ್ನಬೇಕು. ಮೈಸೂರಿನ ಕುವೆಂಪುನಗರದ ನಮ್ಮ ಅಡುಗೆಮನೆಯ ಗೋಡೆಯ ಮೇಲೆ 2014ರಿಂದ 2017ರವರೆಗೆ ಈ ಪಟ್ಟಿ ಇತ್ತು. ನಾನೇ ಬರೆದು ಅಂಟಿಸಿದ್ದೆ. ನಮ್ಮಲ್ಲಿ ಸಾರು, ಮುದ್ದೆ, ಅನ್ನ ಹೆಂಡತಿಯ ಪಾಲು. ಪಲ್ಯ, ಗೊಜ್ಜು, ಕೋಸಂಬರಿ ನನ್ನ ಪಾಲು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಂಡ್ಯದ ಹತ್ತಿರದ ನಮ್ಮ ಊರನ್ನು ಬಿಟ್ಟು ನಮ್ಮ ಜೊತೆಗೆ ಬಂದಿದ್ದರು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರು ಅದು. ಗದ್ದೆಯ ಬದುವಿನಲ್ಲಿ ಹೊನಗೊನೆ, ಹಿತ್ತಿಲಲ್ಲಿ ನುಗ್ಗೆ, ರಾಗಿ ಹೊಲದ ಸಾಲುಗಳಲ್ಲಿ ಅವರೆ. ಏನು ಬೆಳೆದಿದೆಯೋ ಅದೇ ಅಂದಿನ ಪಲ್ಯ. ಅವರು ಪ್ರತಿದಿನ ಬೆಳಿಗ್ಗೆ ನನ್ನನ್ನು ಕೇಳುತ್ತಿದ್ದ ಮಾತು ಒಂದೇ: “ಮಾರುಕಟ್ಟೆಗೆ ಏನು ಬಂದಿದೆ?” ನಾನು ಗೋಡೆ ನೋಡಿ ಹೇಳುತ್ತಿದ್ದೆ: “ಇವತ್ತು ಮಂಗಳವಾರ ಅಮ್ಮ, ಎಲೆಕೋಸು.” ಅವರು ಸುಮ್ಮನಾಗುತ್ತಿದ್ದರು.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ನೀವು ಅದರ ಹೊಸ್ತಿಲಲ್ಲೇ ನಿಂತಿದ್ದೀರಿ.

ಪಟ್ಟಿಯಲ್ಲಿ ಭಾನುವಾರಕ್ಕೆ ಅವರೆ ಎಂದು ಬರೆದಿದ್ದೆ. ಆದರೆ ನಮ್ಮ ಕಡೆಯ ಅವರೆ ಮಾಗಿಯ ಬೆಳೆ. ಹಗಲು ಗಿಡ್ಡವಾದಾಗ ಮಾತ್ರ ನಾಟಿ ಅವರೆ ಹೂ ಬಿಡುತ್ತದೆ. ಆದ್ದರಿಂದ ಡಿಸೆಂಬರ್‌ನಲ್ಲಿ ಕಾಯಿ ತುಂಬಿ, ಸಂಕ್ರಾಂತಿ ದಾಟಿ, ಫೆಬ್ರವರಿ ಹೊತ್ತಿಗೆ ಮುಗಿಯುತ್ತದೆ. ಸೊಗಡು ಎನ್ನುತ್ತೇವಲ್ಲ, ಅದು ಕಾಯಿಯ ಸಿಪ್ಪೆಯ ಮೇಲೆ ಜಿನುಗುವ ಎಣ್ಣೆಯಂಥ ಅಂಟಿನಲ್ಲಿರುತ್ತದೆ. ಸುಲಿದ ಕೈಯನ್ನು ಸಂಜೆಯವರೆಗೂ ಮೂಸಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದಕ್ಕೆ ಕಾಯದೆ ಬೇರೆ ತಿಂಗಳುಗಳಲ್ಲೂ ಫಲ ಕೊಡುತ್ತವೆ. ರೈತರಿಗೆ ಅದರಿಂದ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೇಸಿಗೆಯಲ್ಲಿ ಸಿಗುವ ಆ ಕಾಯಿಯನ್ನು ಅಮ್ಮ ಮೂಗಿನ ಹತ್ತಿರ ಹಿಡಿದು ಕೆಳಗಿಡುತ್ತಿದ್ದರು.

ಹಾಗಾಗಿ 2017ರ ಜನವರಿಯಲ್ಲಿ ನನಗೊಂದು ಯೋಚನೆ ಬಂತು. ಕಾಲದಲ್ಲೇ ಕೊಂಡು ಕೂಡಿಟ್ಟರೆ ವರ್ಷದ ಭಾನುವಾರಗಳೆಲ್ಲ ತುಂಬುತ್ತವೆ. ದೇವರಾಜ ಮಾರುಕಟ್ಟೆಯಿಂದ 12 ಕೆ.ಜಿ. ಕಾಯಿ ತಂದೆ. ಸುಲಿದಾಗ ಐದು ಕೆ.ಜಿ.ಯಷ್ಟು ಕಾಳು ಬಂತು. ರಾತ್ರಿಯಿಡೀ ನೆನೆಸಿ ಮರುದಿನ ಹಿತುಕಲು ಕುಳಿತೆವು. ಹಿತಕಿದ ಬೇಳೆ ಮಾಡಿದವರಿಗೆ ಗೊತ್ತು: ಒಂದೊಂದು ಕಾಳನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಹೊರಬರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಮೊದಲ ಅರ್ಧ ಗಂಟೆ ಮಕ್ಕಳಿಬ್ಬರೂ ಕುಣಿದಾಡಿಕೊಂಡು ಮಾಡಿದರು. ನಾನು, ಹೆಂಡತಿ ಒಂಬತ್ತು ಗಂಟೆಯವರೆಗೆ ಕುಳಿತು ಎದ್ದೆವು. ಉಳಿದದ್ದೆಲ್ಲ ಅಮ್ಮ ಮಾಡಿದರು. ಎರಡು ಸಂಜೆ. ಅವರ ಹೆಬ್ಬೆರಳಿನ ಚರ್ಮ ಸುಲಿದು ಕೆಂಪಾಗಿತ್ತು. ಸಾಕು ಬಿಡಿ ಎಂದರೆ, “ವರ್ಷವೆಲ್ಲ ತಿನ್ನುತ್ತೀರಿ ಎಂದೆಯಲ್ಲ” ಎಂದರು.

ಆ ಬೇಳೆಯನ್ನು ನಾನು ಏನು ಮಾಡಿದೆ ಗೊತ್ತೇ? ಜರಡಿಯಲ್ಲಿ ನೀರು ಬಸಿದು, ಒದ್ದೆಯಾಗಿದ್ದಂತೆಯೇ ಆರು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಗಾಳಿಯನ್ನೂ ಹೊರಹಾಕದೆ ಗಂಟು ಕಟ್ಟಿ ಫ್ರೀಜರ್‌ನಲ್ಲಿಟ್ಟೆ. ಎರಡು ಚೀಲ ಆ ತಿಂಗಳೇ ಖರ್ಚಾಯಿತು, ಚೆನ್ನಾಗಿಯೇ ಇತ್ತು. ಉಳಿದ ನಾಲ್ಕನ್ನು ಯುಗಾದಿಗೆ ತಂಗಿಯ ಮನೆಯವರು ಬಂದಾಗ ತೆಗೆದೆ. ಬೇಳೆ ಮಂಕು ಹಳದಿಗೆ ತಿರುಗಿತ್ತು. ಒಗ್ಗರಣೆಗೆ ಬಿದ್ದ ಕೂಡಲೇ ಮಳೆಯಲ್ಲಿ ನೆನೆದ ಹುಲ್ಲಿನ ಮೆದೆಯ ವಾಸನೆ ಎದ್ದಿತು. ಬಾಯಿಗಿಟ್ಟರೆ ಕಹಿ, ಮೇಲಾಗಿ ಹಿಟ್ಟುಹಿಟ್ಟು. ಅಮ್ಮ ಮೊದಲ ತುತ್ತು ತಿಂದು, ಏನೂ ಹೇಳದೆ, ಪಲ್ಯವನ್ನು ಎಲೆಯ ತುದಿಗೆ ಸರಿಸಿದರು. ಊಟವಾದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ನಾನೇ ಕಸದ ಬುಟ್ಟಿಗೆ ಸುರಿದೆ. ಅಮ್ಮ ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಏಕೆ ಹೀಗಾಯಿತು ಎಂಬುದನ್ನು ನಮ್ಮ ಬೀದಿಯ ಹಿರಿಯರೊಬ್ಬರು ವಿವರಿಸಿದರು. 1950ರಿಂದ ಈ ಊರಿನಲ್ಲೇ ಇರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಾಳಿನೊಳಗೆ ಕಿಣ್ವಗಳಿರುತ್ತವೆ. ಶೀತ ಅವುಗಳ ಕೆಲಸವನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಅವು ಕಾಳಿನ ಕೊಬ್ಬನ್ನು ಒಡೆಯುತ್ತಲೇ ಇರುತ್ತವೆ. ಆ ಹುಲ್ಲಿನ ವಾಸನೆ, ಕಹಿ ಅಲ್ಲಿಂದ ಬಂದದ್ದು. ಕುದಿಯುವ ನೀರಿಗೆ ಎರಡು ಮೂರು ನಿಮಿಷ ಹಾಕಿ, ತೆಗೆದ ತಕ್ಷಣ ಮಂಜುಗಡ್ಡೆಯ ನೀರಿಗೆ ಅದ್ದಿ, ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಗಾಳಿಯಿಲ್ಲದಂತೆ ಕಟ್ಟಿಟ್ಟಿದ್ದರೆ ಕಿಣ್ವ ಸಾಯುತ್ತಿತ್ತು. ಒದ್ದೆ ಕಾಳಿನ ನೀರು ಹರಳುಗಟ್ಟಿ ಕಾಳನ್ನೇ ಸೀಳುತ್ತದೆ, ಹಿಟ್ಟಾಗುವುದು ಅದಕ್ಕೆ. ಚೀಲದೊಳಗೆ ಉಳಿದ ಗಾಳಿಯಿಂದ ವಾಸನೆ ಇನ್ನಷ್ಟು ಕೆಡುತ್ತದೆ. ಮೂರು ತಪ್ಪನ್ನೂ ಒಂದೇ ಸಲ ಮಾಡಿದ್ದೆ.

ಆದರೆ ಮುಂದಿನ ಮಾಗಿಯಲ್ಲಿ, ಈ ಕುದಿನೀರಿನ ವಿದ್ಯೆಯನ್ನೆಲ್ಲ ಕಲಿತುಕೊಂಡು ಮತ್ತೆ ಮೂಟೆ ಅವರೆ ತಂದು ಅಮ್ಮನ ಮುಂದೆ ಇಟ್ಟಾಗ ಅವರು ಹೇಳಿದರು: “ಪೆಟ್ಟಿಗೆಗೆ ತುಂಬುವುದಕ್ಕೆ ನಾನು ಹಿತುಕುವುದಿಲ್ಲ. ಬಾಯಿಗೆ ಹಾಕುವುದಕ್ಕಾದರೆ ಕೊಡು.” ಇಷ್ಟು ಕಟುವಾಗಿ ಅವರು ನನ್ನೊಡನೆ ಮಾತನಾಡಿದ್ದು ಅದೊಂದೇ ಸಲ. ನನ್ನ ನಿಜವಾದ ತಪ್ಪು ಕಿಣ್ವದ ವಿಷಯವನ್ನು ತಿಳಿಯದಿದ್ದುದಲ್ಲ ಎಂದು ಆಗ ಗೊತ್ತಾಯಿತು. ಯುಗಾದಿಯ ಹೊತ್ತಿಗೆ ಹೊರಗೆ ನುಗ್ಗೆಮರ ಕಾಯಿಂದ ತೂಗುತ್ತಿತ್ತು, ತಳ್ಳುಗಾಡಿಯಲ್ಲಿ ಮಾವಿನಕಾಯಿ ಬಂದಿತ್ತು, ಹಲಸಿನ ಎಳೆಕಾಯಿ ಬಂದಿತ್ತು. ಅದನ್ನೆಲ್ಲ ಬಿಟ್ಟು, ಗೋಡೆಯ ಮೇಲೆ ಬರೆದಿದೆ ಎಂಬ ಕಾರಣಕ್ಕೆ ಜನವರಿಯ ಕಾಳನ್ನು ಹಬ್ಬದ ಎಲೆಗೆ ಬಡಿಸಲು ಹೋಗಿದ್ದೆ. ಪಟ್ಟಿಯನ್ನು ಅಂದೇ ಹರಿದೆ.

ಹೀಗಾಗಿ ನಿಮಗೆ ಪಟ್ಟಿ ಕೊಡುವುದಿಲ್ಲ. ಮೊದಲು ಪಲ್ಯವನ್ನು ನಿರ್ಧರಿಸಿ ಆಮೇಲೆ ತರಕಾರಿ ಹುಡುಕುವ ಕ್ರಮವೇ ತಲೆಕೆಳಗು. ಹಾಗೆ ಹುಡುಕಿದಾಗ ಸಿಗುವುದು ದೂರದಿಂದ ಬಂದ, ಬಾಡಿದ, ದುಬಾರಿ ಮಾಲು. ಅದಕ್ಕೆ ರುಚಿಯಿಲ್ಲದ ಕಾರಣ ಹುಳಿಪುಡಿ, ಕಾಯಿತುರಿ, ಸಕ್ಕರೆ ಸುರಿಯುತ್ತೇವೆ. ಆಗ ಏಳು ದಿನದ ಪಲ್ಯಕ್ಕೂ ಒಂದೇ ರುಚಿ. ನಿಮ್ಮ ಮಕ್ಕಳು ತಟ್ಟೆಯಂಚಿಗೆ ತಳ್ಳುತ್ತಿರುವುದು ಆ ಒಂದೇ ರುಚಿಯನ್ನು ಎಂದು ನನ್ನ ಗಟ್ಟಿ ನಂಬಿಕೆ.

ಇನ್ನೊಂದು ಮಾತನ್ನೂ ಒಪ್ಪುವುದಿಲ್ಲ. ಸಾರು ಒಂದು ಕೆಲಸ, ಪಲ್ಯ ಇನ್ನೊಂದು ಕೆಲಸ ಎಂದು ನೀವು ಲೆಕ್ಕ ಹಾಕಿದ್ದೀರಿ. ಮಂಡ್ಯದ ಮನೆಗಳಲ್ಲಿ ಒಂದೇ ಪಾತ್ರೆಯಿಂದ ಎರಡೂ ಹುಟ್ಟುತ್ತವೆ. ಅದರ ಹೆಸರೇ ಬಸ್ಸಾರು. ನಾಲ್ಕು ಜನಕ್ಕೆ ಒಂದು ಲೋಟ ತೊಗರಿಬೇಳೆಯನ್ನು ಆರೇಳು ಲೋಟ ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ. ಕುಕ್ಕರ್ ಬೇಡ, ಬೇಳೆ ಬೆರಳಿಗೆ ಒತ್ತಿದರೆ ಮುರಿಯಬೇಕು, ಕರಗಬಾರದು. ಆಗ ದೊಡ್ಡದೊಂದು ಕಟ್ಟು ದಂಟಿನ ಸೊಪ್ಪನ್ನು ಹೆಚ್ಚಿ ಹಾಕಿ, ಉಪ್ಪು ಹಾಕಿ, ಮುಚ್ಚದೆ ಐದಾರು ನಿಮಿಷ. ಮುಚ್ಚಿದರೆ ಸೊಪ್ಪಿನ ಹುಳಿ ಆವಿಯ ಜೊತೆ ಹೊರಹೋಗದೆ ಹಸಿರು ಬಣ್ಣ ಮಾಸುತ್ತದೆ. ಹುಣಸೆಹಣ್ಣನ್ನು ಈ ಹಂತದಲ್ಲಿ ಹಾಕಲೇಬೇಡಿ, ಬೇಳೆ ಗಟ್ಟಿಯಾಗಿ ನಿಂತುಬಿಡುತ್ತದೆ. ಬಸಿಯಿರಿ. ಕೆಳಗೆ ಬಿದ್ದ ನೀರೇ ಕಟ್ಟು, ಒಂದು ತೊಟ್ಟನ್ನೂ ಚೆಲ್ಲಬೇಡಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಕಾಳುಮೆಣಸು, ಒಂದು ಹಿಡಿ ಕಾಯಿತುರಿ, ಇವುಗಳ ಜೊತೆ ಬೆಂದ ಸೊಪ್ಪು ಬೇಳೆಯದೇ ಒಂದು ಹಿಡಿ ಸೇರಿಸಿ ರುಬ್ಬಿ, ಹುಣಸೆರಸದೊಂದಿಗೆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಬಸಿದ ಸೊಪ್ಪು ಬೇಳೆಗೆ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ, ಮೇಲೆ ಕಾಯಿತುರಿ: ಪಲ್ಯ. ಮುದ್ದೆ ತಿರುವುವಷ್ಟರಲ್ಲಿ ಎರಡೂ ಮುಗಿದಿರುತ್ತವೆ.

ಇದೇ ಪಾತ್ರೆಗೆ ಕಾಲ ಬದಲಾದಂತೆ ಬೇರೆ ಬೇರೆ ಬೀಳುತ್ತವೆ. ಮಾಗಿಯಲ್ಲಿ ಅವರೆಕಾಳು, ಹಸಿ ತೊಗರಿಕಾಳು, ಮೆಂತ್ಯ, ಮೂಲಂಗಿಯ ಎಲೆ. ಬೇಸಿಗೆಯಲ್ಲಿ ನುಗ್ಗೆಸೊಪ್ಪು, ಆಗ ಮಾವಿನಕಾಯಿ ತುರಿದು ಹೆಸರುಬೇಳೆ ಕೋಸಂಬರಿಗೆ ಹಾಕಿದರೆ ಪಲ್ಯವೇ ಬೇಡ. ಮಳೆ ಬಿದ್ದ ಮೇಲೆ ಅಣ್ಣೆಸೊಪ್ಪು, ಗಣಿಕೆ, ಹೊನಗೊನೆ, ಕೀರೆ ಎಲ್ಲ ಕಲಸಿದ ಬೆರಕೆ ಸೊಪ್ಪು. ನನ್ನ ಮಟ್ಟಿಗೆ ವರ್ಷದ ಅತ್ಯುತ್ತಮ ಬಸ್ಸಾರು ಅದೇ. ಒಂದೊಂದು ಸೊಪ್ಪಿನ ರುಚಿಯೂ ಬಾಯಲ್ಲಿ ಒಂದಾದ ಮೇಲೊಂದು ಬರುತ್ತದೆ, ಗಣಿಕೆಯ ಸಣ್ಣ ಕಹಿ ಕೊನೆಗೆ. ಬದನೆಕಾಯಿಯಾದರೆ ಮೈಸೂರಿನ ಈರನಗೆರೆಯದು ಸಿಕ್ಕಿದ ದಿನ ಬೇರೇನೂ ನೋಡಬೇಡಿ. ಎಣ್ಣೆಯಲ್ಲಿ ಬಾಡಿಸಿ ಉಪ್ಪು, ಖಾರದಪುಡಿ ಉದುರಿಸಿದರೆ ಸಾಕು.

ಹಾಗಾದರೆ ಭಾನುವಾರ ಏನು ಮಾಡಬೇಕು? ತರಕಾರಿಯನ್ನಂತೂ ಹೆಚ್ಚಿಡಬೇಡಿ. ಹೆಚ್ಚಿದ ಕ್ಷಣದಿಂದಲೇ ಅದು ಒಣಗಲು, ಕೊಳೆಯಲು ತೊಡಗುತ್ತದೆ. ಉಪ್ಪುಸಾರಿನ ಖಾರ ರುಬ್ಬಿಟ್ಟುಕೊಳ್ಳಿ: ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು, ಉಪ್ಪು. ಕಾಯಿ ಹಾಕದಿದ್ದರೆ ಗಾಜಿನ ಶೀಶೆಯಲ್ಲಿ ಫ್ರಿಜ್‌ನೊಳಗೆ ಒಂದು ವಾರ ಚೆನ್ನಾಗಿರುತ್ತದೆ. ಸುಸ್ತಾದ ಸಂಜೆ ಯಾವುದೇ ಸೊಪ್ಪು, ಯಾವುದೇ ಕಾಳು ಬೇಯಿಸಿ ಬಸಿದು, ಕಟ್ಟಿನ ಜೊತೆ ಈ ಖಾರವನ್ನಿಟ್ಟುಕೊಂಡರೆ ಊಟ ಮುಗಿಯಿತು. ಸೊಪ್ಪನ್ನು ಬಿಡಿಸಿ, ತೊಳೆಯದೆ, ಒಣಬಟ್ಟೆಯಲ್ಲಿ ಸುತ್ತಿಟ್ಟರೆ ಎರಡು ದಿನ ಇರುತ್ತದೆ. ಅದಕ್ಕಿಂತ ಹೆಚ್ಚು ಇಡುವ ಆಸೆ ಬೇಡ. ವಾರಕ್ಕೊಮ್ಮೆ ದೊಡ್ಡ ಚೀಲ ಹೊರುವ ಬದಲು ವಾರಕ್ಕೆ ಮೂರು ಸಲ ಸಣ್ಣ ಚೀಲ ತನ್ನಿ. ಕೆಲಸದಿಂದ ಬರುವ ದಾರಿಯಲ್ಲೋ, ಬೆಳಗಿನ ನಡಿಗೆಯಲ್ಲೋ ಆಗುತ್ತದೆ, ನನಗೆ ಆಗಿದೆ.

ಮಕ್ಕಳ ವಿಷಯ. ಅವರ ಕೈಗೆ ಕಾಯಿ ಕೊಡಿ, ಸುಲಿಯಲಿ. ನನ್ನ ಮಗಳು ಮೊದಲು ಬಾಯಿಗೆ ಹಾಕಿಕೊಂಡ ಪಲ್ಯ ಅವಳೇ ಸುಲಿದ ತೊಗರಿಕಾಳಿನದು. ಈಗ ಮಾಗಿಯಲ್ಲಿ ನಾನು ಒಂದು ಸಲಕ್ಕೆ ಎರಡೇ ಕೆ.ಜಿ. ಅವರೆಕಾಯಿ ತರುತ್ತೇನೆ, ಅಂದಿಗೆ ಆಗುವಷ್ಟು. ಅಮ್ಮ ಮೊದಲು ಒಂದು ಕಾಯಿ ಮೂಸಿ ನೋಡುತ್ತಾರೆ, ಆಮೇಲೆ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಮಗಳು ಎದುರಿಗೆ ಕುಳಿತು ಹಿತುಕುತ್ತಾಳೆ.

ನೀವು ಕೇಳಿರುವುದು ಶ್ರಾವಣದಲ್ಲಿ, ಬೆರಕೆ ಸೊಪ್ಪಿನ ಕಾಲದಲ್ಲಿ. ಅದು ತರಕಾರಿ ಅಂಗಡಿಯ ಮುಂದಿನ ಸಾಲಿನಲ್ಲಿರುವುದಿಲ್ಲ. ಹಳ್ಳಿಯಿಂದ ಬಂದು ಗೋಣಿಚೀಲ ಹಾಸಿ ಕುಳಿತ ಹೆಂಗಸರ ಹತ್ತಿರ ಕೇಳಿ, ಹೆಸರು ಗೊತ್ತಿಲ್ಲದ ಸೊಪ್ಪಿದ್ದರೆ ಅವರೇ ಹೇಳಿಕೊಡುತ್ತಾರೆ. ಬೆಳಿಗ್ಗೆ ಏಳರೊಳಗೆ ಹೋಗಿ. ನಾನು ಕೊಳ್ಳುವ ಅಜ್ಜಿ ಎಂಟಕ್ಕೆಲ್ಲ ಚೀಲ ಮಡಚಿಕೊಂಡು ಬಸ್ ಹತ್ತಿರುತ್ತಾರೆ.